ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರು

ಮಂಗಸೂಳಿ: ಗಡಿಯಂಚಿನ ಈ ಊರಿನ ಖಂಡೋಬನ ಗುಡಿಗೆ ಕನ್ನಡಿಗರೂ ಬರುತ್ತಾರೆ, ಮರಾಠಿಗರೂ ಬರುತ್ತಾರೆ. ಅದೇ ದೇವರು ತುಂಗಭದ್ರೆಯ ದಡದಲ್ಲಿ ಮೈಲಾರಲಿಂಗ. ಆ ಮೈಲಾರದಿಂದ ಹೆಚ್ಚು ದೂರವಿಲ್ಲದ ಗಳಗನಾಥ ಗ್ರಾಮದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುತ್ತದೆ. ಮರಾಠಿ ಕಾದಂಬರಿಗಳ ರುಚಿ ಕಂಡು, ಅಂಥ ಕಥೆ ಕನ್ನಡದ ಮಕ್ಕಳಿಗೂ ದಕ್ಕಬೇಕೆಂದು ಜೀವ ತೇಯ್ದ ವೆಂಕಟೇಶ ತಿರಕೋ ಕುಲಕರ್ಣಿ ಅವರು ಹುಟ್ಟಿದ್ದು ಅಲ್ಲಿಯೇ, 1869ರ ಜನವರಿ 5ರಂದು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಅವರು ಗಳಗನಾಥರಾದರು.

ಅಂದಿನ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಸ್ಥಿತಿಯನ್ನು ಅಥಣಿ, ಚಿಕ್ಕೋಡಿ ಭಾಗದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚೆನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳೇನೋ ತೆರೆದವು. ಆದರೆ ಅಕ್ಷರ ಕಲಿತ ಹುಡುಗನು ಪಠ್ಯಪುಸ್ತಕ ಮುಚ್ಚಿಟ್ಟ ಮೇಲೆ ಓದುವುದೇನನ್ನು? ಪುರಾಣ ಬಿಟ್ಟರೆ ರಂಜಿಸುವ ಗದ್ಯ ಕನ್ನಡದಲ್ಲಿ ಬಲು ವಿರಳ. ಕಥೆಯ ಹಸಿವಿದ್ದವರು ಮರಾಠಿಗೆ ಹೋಗುತ್ತಿದ್ದರು.

ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಮಾಸ್ತರರಾದ ಗಳಗನಾಥರು ಈ ಕೊರತೆಯನ್ನು ತರಗತಿಯಲ್ಲಿಯೇ ಕಂಡಿದ್ದಿರಬೇಕು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಹೊಸ ಗ್ರಂಥಗಳಿಗೆ ಬಹುಮಾನ ಕೊಡುತ್ತಿದ್ದ ಕಾಲವದು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಸಂಘದ ಬಹುಮಾನ ಗಳಿಸಿತು. ಕೆಲವು ವರ್ಷಗಳ ನಂತರ ಅವರು ಮಾಸ್ತರಿಕೆಯನ್ನೇ ಬಿಟ್ಟರು. ಸಂಬಳದ ನೌಕರಿ ತೊರೆದು ಬರವಣಿಗೆಯನ್ನು ನೆಚ್ಚುವುದು ಇಂದಿಗೂ ಸಾಹಸವೇ. ಓದುಗರೇ ಇಲ್ಲದ ಆ ಕಾಲದಲ್ಲಿ ಅದು ಹುಚ್ಚೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರಿಗೆ ನೆಲೆಯಾಯಿತು. ನೀತಿ, ಭಕ್ತಿ, ಧರ್ಮಗಳ ಲೇಖನಗಳ ನಡುವೆ ಅವರ ಕಾದಂಬರಿಗಳು ಕಂತುಕಂತಾಗಿ ಬಂದವು. ಕಥೆ ಮುಂದೇನಾಯಿತೆಂಬ ಕುತೂಹಲವೇ ಓದುಗರನ್ನು ಮುಂದಿನ ಸಂಚಿಕೆಯವರೆಗೆ ಹಿಡಿದಿಟ್ಟಿತು. ಮುಂದೆ ಅವರು ಅಗಡಿಯಿಂದ ಹೊರಬಂದು ತಮ್ಮ ಕೃತಿಗಳ ಪ್ರಕಟಣೆಯ ಹೊಣೆಯನ್ನು ತಾವೇ ಹೊತ್ತರು.

ಹೊತ್ತರು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಪುಸ್ತಕದ ಅಂಗಡಿ ಎಂಬುದೇ ಅಪರೂಪವಾಗಿದ್ದ ಸೀಮೆಯಲ್ಲಿ, ಅಚ್ಚಾದ ಪ್ರತಿಗಳನ್ನು ಗಂಟು ಕಟ್ಟಿ ತಲೆಯ ಮೇಲೆ, ಹೆಗಲ ಮೇಲೆ ಇಟ್ಟುಕೊಂಡು ಅವರು ಹಳ್ಳಿಯಿಂದ ಹಳ್ಳಿಗೆ ನಡೆದರು. ಬರೆದವರು, ಪ್ರಕಾಶಕರು, ಮಾರುವವರು ಮೂವರೂ ಒಬ್ಬರೇ. ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆಂಬ ಹಿರಿಯರ ಅಂಜಿಕೆಯನ್ನೂ ಅವರು ದಾಟಬೇಕಿತ್ತು. ಕಥೆಗಳಲ್ಲಿ ಉಪದೇಶ ಅಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಅವರ ಲೋಕವು ಅದ್ಭುತರಮ್ಯ ಲೋಕ. ವೇಷ ಮರೆಸಿಕೊಂಡು ತಿರುಗುವವರು, ಒಳಸಂಚು, ಯುದ್ಧ, ಆಪತ್ತಿನಲ್ಲಿ ಒದಗಿಬರುವ ಸಾಧುಪುರುಷರು. ಸಜ್ಜನ ಪೂರ್ತಿ ಸಜ್ಜನ, ದುಷ್ಟ ಪೂರ್ತಿ ದುಷ್ಟ. ಸಂಸ್ಕೃತಭೂಯಿಷ್ಠವಾದ ಅವರ ಉದ್ದನೆಯ ವಾಕ್ಯಗಳು ಇಂದಿನವರನ್ನು ದಣಿಸುತ್ತವೆ ಎಂಬುದನ್ನು ಮುಚ್ಚಿಡುವಂತಿಲ್ಲ. ಆದರೆ ಆಗತಾನೆ ಓದು ಕಲಿತ ತರುಣರಿಗೆ ಬೇಕಾದ ವೇಗ ಅವುಗಳಲ್ಲಿತ್ತು.

ಮರಾಠಿಯ ಋಣವೂ ದೊಡ್ಡದು. ಹರಿ ನಾರಾಯಣ ಆಪಟೆ (1864–1919) ಅವರ ಐತಿಹಾಸಿಕ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ಒಗ್ಗಿಸಿದರು. 1565ರ ತಾಳೀಕೋಟೆ ಕದನವನ್ನು ಕುರಿತ ಆಪಟೆಯವರ ‘ವಜ್ರಾಘಾತ’ವು ಇವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ ಆಯಿತು. ಹೆಸರು ಬದಲಾದುದರಲ್ಲೇ ದೃಷ್ಟಿಯ ವ್ಯತ್ಯಾಸವಿದೆ: ಮರಾಠಿಯಲ್ಲಿ ಅದು ಒಂದು ಸಾಮ್ರಾಜ್ಯಕ್ಕೆ ಬಿದ್ದ ಪೆಟ್ಟು, ಇಲ್ಲಿ ನಮ್ಮದೇ ಮನೆಯ ದುಃಖ. ವಿಜಯನಗರದ ಸ್ಥಾಪನೆಯನ್ನೂ ವಿದ್ಯಾರಣ್ಯರನ್ನೂ ಕುರಿತ ‘ಮಾಧವ ಕರುಣಾ ವಿಲಾಸ’ ಅವರ ಸ್ವತಂತ್ರ ಕೃತಿಗಳಲ್ಲಿ ಶ್ರೇಷ್ಠವೆನಿಸಿತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಇತಿಹಾಸವಾಗಿ ಹೇಳಿದ್ದನ್ನು ಈ ಕಾದಂಬರಿಗಳು ಕಥೆಯಾಗಿ ಮನೆಯೊಳಗೆ ತಂದವು.

ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯಿಂದ ತಂದು ಓದುಗರನ್ನು ಬೆಳೆಸಿದಂತೆ, ಉತ್ತರದಲ್ಲಿ ಆ ಕೆಲಸ ಗಳಗನಾಥರದು. ಕನ್ನಡ ಕಾದಂಬರಿಯ ಪಿತಾಮಹ ಎಂಬ ಬಿರುದು ಅವರಿಗೆ ಸಂದಿತು. ಹಣ ಮಾತ್ರ ಕೈಗೂಡಲಿಲ್ಲ. ಬಡತನದಲ್ಲಿಯೇ ದಿನ ನೂಕಿದ ಅವರು 1942ರ ಏಪ್ರಿಲ್ 22ರಂದು ತೀರಿಕೊಂಡರು. ಆ ಹೊತ್ತಿಗೆ ಅ.ನ. ಕೃಷ್ಣರಾಯರಂಥವರ ಸಾಮಾಜಿಕ ಕಾದಂಬರಿಗಳು ಬರತೊಡಗಿದ್ದವು. ಕೊಂಡು ಓದುವ ಜನರೂ ಆಗ ಇದ್ದರು.