ಮೋಗ್ಲಿಂಗರ ಗೋಪಾಳ

ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರು ಹರ್ಮನ್ ಮೋಗ್ಲಿಂಗರು ಎಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಮಂಗಳೂರ ಸಮಾಚಾರದ ಮೊದಲ ಸಂಚಿಕೆ 1843ನೆಯ ಇಸವಿ ಜುಲೈ 1ರಂದು ಹೊರಬಿದ್ದ ನೆನಪಿಗಾಗಿ ಆ ದಿನವನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚಿನ ಕಲ್ಲಿಗೇರಿಸಿದವರೂ ಅವರೇ. ಇಷ್ಟನ್ನು ಹೇಳಿ ನಮ್ಮ ಸಾಹಿತ್ಯ ಚರಿತ್ರೆಗಳು ಮುಂದಕ್ಕೆ ಸಾಗುತ್ತವೆ. ಆ ಕಾಗದ ಯಾರ ದುಡ್ಡಿನದು, ಆ ಮಸಿಗೆ ಯಾರು ತೆತ್ತರು, ಏನನ್ನು ನಂಬಿ ತೆತ್ತರು ಎಂದು ಕೇಳುವವರು ಕಡಮೆ. ನನಗಾದರೋ ಮೋಗ್ಲಿಂಗರ ಬಾಳಿನಲ್ಲಿ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ಪರರ ಕಾಣಿಕೆಯ ಮೇಲೆ ಬದುಕಿದವರು. ಆ ಕಾಣಿಕೆ ನಿಲ್ಲದಂತೆ ನೋಡಿಕೊಳ್ಳುವುದೂ ಅವರ ಕೆಲಸದ ಒಂದು ಭಾಗವಾಗಿತ್ತು.

ಮೋಗ್ಲಿಂಗರು ಹುಟ್ಟಿದ್ದು 1811ನೆಯ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಆ ಸೀಮೆಯ ಸಭೆ ಲೂಥರನ ಮತಕ್ಕೆ ಸೇರಿದುದು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಮುಂದೆ ಮಲಯಾಳಕ್ಕೆ ನಿಘಂಟು ಕಟ್ಟಿಕೊಟ್ಟ ಹರ್ಮನ್ ಗುಂಡರ್ಟರು ಅವರ ಓದಿನ ದಿನಗಳ ಗೆಳೆಯರು. ಮನಸ್ಸು ಮಾಡಿದ್ದರೆ ಊರಿನ ಹತ್ತಿರವೇ ಒಂದು ಗುರುಮನೆ ದೊರೆತು ಸುಖವಾಗಿರಬಹುದಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಷನ್ನನ್ನು ಸೇರಿ 1836ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು.

ಬಾಸೆಲ್ ಮಿಷನ್ನಿನ ಆರ್ಥಿಕ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇದರ ಹಿಂದೆ ಯಾವ ರಾಜ್ಯದ ಖಜಾನೆಯೂ ಇರಲಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಲೂಥರನ ಸಭೆಯವರೂ ಸುಧಾರಿತ ಸಭೆಯವರೂ ಒಟ್ಟಿಗೆ ದುಡಿಯುತ್ತಿದ್ದರು. ಬ್ರಿಟಿಷರಲ್ಲದ ಮಿಷನರಿಗಳಿಗೆ ಇಂಡಿಯಾದ ಬಾಗಿಲು ತೆರೆದದ್ದು 1833ರ ಸನ್ನದಿನಿಂದ. ಷೋನ್‌ಬುರ್ಗಿನ ರಾಜಕುಮಾರನೊಬ್ಬ 10,000 ಥಾಲರ್‌ಗಳನ್ನು ಕೊಡಲು ಮುಂದೆ ಬಂದುದರಿಂದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬರುವುದು ಸಾಧ್ಯವಾಯಿತು. ಆದರೆ ರಾಜಕುಮಾರರ ಥಾಲರು ಒಂದು ಸಾರಿ ಬರುವ ಮಳೆ. ವರ್ಷವರ್ಷವೂ ಹರಿಯಬೇಕಾದ ಕಾಲುವೆ ಬೇರೆಯೇ ಇತ್ತು. ವುರ್ಟೆಂಬರ್ಗಿನ ಹಳ್ಳಿಗಳ ದ್ರಾಕ್ಷಿ ತೋಟದವರು, ನೇಕಾರರು, ಬಡಗಿಗಳು, ಮನೆಗೆಲಸದ ಹೆಂಗಸರು ಭಾನುವಾರದ ಕೂಟಗಳಲ್ಲಿ ಹಾಕುತ್ತಿದ್ದ ಚಿಲ್ಲರೆ ಕಾಸೇ ಆ ಕಾಲುವೆ. 1855ರಲ್ಲಿ ಬಾಸೆಲಿನ ವರ್ತಕ ಕಾರ್ಲ್ ಸಾರಾಸಿನ್ ಇದಕ್ಕೊಂದು ಕ್ರಮವನ್ನು ಕಲ್ಪಿಸಿದರು. ಹತ್ತು ಜನ ದಾನಿಗಳಿಗೆ ಒಬ್ಬ ಸಂಗ್ರಾಹಕ. ಪ್ರತಿಯೊಬ್ಬನೂ ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ 5 ರಾಪ್ಪೆನ್, ಕೊಡಬೇಕು. ವರ್ಷಕ್ಕೆ 2 ಫ್ರಾಂಕು 60 ರಾಪ್ಪೆನ್ ಆಯಿತು. ಇಷ್ಟನ್ನು ಕೂಲಿಯವನೂ ಕೊಡಬಲ್ಲ. ಕೊಡುವವರ ಸಂಖ್ಯೆಯಲ್ಲಿ ಬಲವಿತ್ತೇ ಹೊರತು ಕೊಡುಗೆಯ ಗಾತ್ರದಲ್ಲಲ್ಲ.

ಹೀಗೆ ಕಾಸು ಹಾಕುವವನಿಗೆ ಪ್ರತಿಯಾಗಿ ಏನಾದರೂ ಸಿಗಬೇಕಷ್ಟೆ. ಸಿಗುತ್ತಿದ್ದುದು ಸುದ್ದಿ. 1828ರಿಂದ ಬಾಸೆಲಿನಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆ ಹೊರಡುತ್ತಿತ್ತು. ಮಿಷನರಿಗಳ ಪತ್ರಗಳು ಅದರಲ್ಲಿ ಅಚ್ಚಾಗಿ ಹಳ್ಳಿಹಳ್ಳಿಯ ಕೂಟಗಳಲ್ಲಿ ಓದಲ್ಪಡುತ್ತಿದ್ದವು. ರಜೆಯ ಮೇಲೆ ಊರಿಗೆ ಮರಳಿದ ಮಿಷನರಿಗೆ ವಿಶ್ರಾಂತಿಯೆಂಬುದು ಹೆಸರಿಗೆ ಮಾತ್ರ. ಸಭೆಯಿಂದ ಸಭೆಗೆ, ಉತ್ಸವದಿಂದ ಉತ್ಸವಕ್ಕೆ ತಿರುಗಿ ತಾನು ಕಂಡುದನ್ನು ಹೇಳಬೇಕು. ಕೇಳಿದವರ ಕಣ್ಣು ಒದ್ದೆಯಾಗಬೇಕು. ಕೈ ಚೀಲಕ್ಕೆ ಹೋಗಬೇಕು. ಸಾಮ್ಯುವೆಲ್ ಹೆಬಿಕರು ಈ ಕಲೆಯಲ್ಲಿ ಪಳಗಿದವರು. ಮೊದಲು ವ್ಯಾಪಾರಸ್ಥರಾಗಿ ರಷ್ಯದ ತನಕ ತಿರುಗಿದ್ದ ಆ ಉದ್ದ ಗಡ್ಡದ ಮನುಷ್ಯ ಕಣ್ಣಾನೂರಿನಲ್ಲಿ ಇಂಗ್ಲಿಷ್ ಸೈನ್ಯಾಧಿಕಾರಿಗಳನ್ನೂ ಬಿಡಲಿಲ್ಲ. ಮದರಾಸಿನ 39ನೆಯ ದೇಶೀ ಪದಾತಿದಳಕ್ಕೆ ಹೆಬಿಕರ ದಂಡು ಎಂಬ ಅಡ್ಡಹೆಸರೇ ಬಂದಿತ್ತು. 1859ರಲ್ಲಿ ಇಂಡಿಯಾವನ್ನು ಬಿಟ್ಟ ಮೇಲೂ ಅವರು 1868ರಲ್ಲಿ ತೀರಿಕೊಳ್ಳುವವರೆಗೆ ಸ್ವಿಟ್ಜರ್ಲೆಂಡ್ ಮತ್ತು ವುರ್ಟೆಂಬರ್ಗಿನ ಊರುಗಳಲ್ಲಿ ಬೋಧಿಸುತ್ತ ಸಂಚರಿಸಿದರು.

ಮೋಗ್ಲಿಂಗರ ಜಾಯಮಾನ ಬೇರೆ. ಅವರು ಪಂಡಿತರು, ಆತುರಗಾರರು, ಮೇಲಿನವರ ಅಪ್ಪಣೆಗಿಂತ ತಮ್ಮ ಒಳಮನಸ್ಸಿನ ಅಪ್ಪಣೆಗೆ ಬೇಗ ತಲೆಬಾಗುವವರು. ಗದಗಿನ ಬಳಿ ಮಲಸಮುದ್ರದಲ್ಲಿ 1841ರಲ್ಲಿ ಆರಂಭವಾದ ಬೇಸಾಯದ ವಸಾಹತು ಅವರ ಉತ್ಸಾಹದ ಫಲ, ಅದು ಕೈಗೂಡಲಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಹುಡುಗರನ್ನು ಕೂಡಿಸಿಕೊಂಡು ಕಲಿಸಿದ ಕೆಲಸ ಕೈಗೂಡಿತು. 1847ರಲ್ಲಿ ಅಲ್ಲಿ ನಿಂತ ದೇವತಾಶಾಸ್ತ್ರದ ವಿದ್ಯಾಲಯ ಅದರ ಮುಂದುವರಿಕೆ. ನಡುವೆ ಬಂದದ್ದು ಪತ್ರಿಕೆ. ಕಲ್ಲಚ್ಚಿನಲ್ಲಿ ಪಕ್ಷಕ್ಕೊಮ್ಮೆ ಹೊರಡುತ್ತಿದ್ದ ಮಂಗಳೂರ ಸಮಾಚಾರಕ್ಕೆ ಒಂದು ದುಡ್ಡು ಬೆಲೆ. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು.

ಅದೇ 1844ರ ಜನವರಿ 6ರಂದು ಮಂಗಳೂರಿನಲ್ಲಿ ನಡೆದ ಸಂಗತಿಯೊಂದನ್ನು ಜರ್ಮನಿಯ ಕೂಟಗಳು ಬಹುಕಾಲ ನೆನೆದಿರಬೇಕು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಆದನು. ಊರಿನಲ್ಲಿ ಗಲಭೆಯೆದ್ದಿತು. ಕೈಹಿಡಿದ ಹೆಂಡತಿ ಅವನ ಕಡೆಗೆ ಬರಲಿಲ್ಲ. ಬಾಸೆಲಿನ ಪತ್ರಿಕೆಗೆ ಇದೊಂದು ವಿಜಯದ ವಾರ್ತೆ. ಮಂಗಳೂರಿನ ಒಂದು ಮನೆಗೆ ಸಾವಿಗಿಂತ ಹೆಚ್ಚಿನ ಸೂತಕ. ಒಂದೇ ದಿನದ ಒಂದೇ ಘಟನೆಗೆ ಎರಡು ಮುಖ. ಕಾಣಿಕೆ ಬೇಡುವವನು ಸಭೆಯ ಮುಂದೆ ಒಂದೇ ಮುಖವನ್ನು ತೋರಿಸಬಲ್ಲ. ಕನ್ನಡಿಗನಾದ ನಾನು ಮೋಗ್ಲಿಂಗರನ್ನು ಗೌರವಿಸುತ್ತಲೇ ಇನ್ನೊಂದು ಮುಖವನ್ನೂ ನೋಡಬೇಕಾಗಿದೆ. ಕೌಂಡಿನ್ಯರಿಗೆ ಆದ ಅನ್ಯಾಯವೆಂದು ಇದನ್ನು ಹೇಳುತ್ತಿಲ್ಲ. ಅವರು ತಿಳಿದೇ ನಡೆದವರು, ಕೊನೆಯವರೆಗೂ ನಿಶ್ಚಯ ಬದಲಿಸದವರು.

1846ರಲ್ಲಿ ಮೋಗ್ಲಿಂಗರು ಯೂರೋಪಿಗೆ ಹೋದಾಗ ಕೌಂಡಿನ್ಯರೂ ಜೊತೆಯಲ್ಲಿದ್ದರು. ಅಲ್ಲಿಯ ಸಭೆಗಳು ಅವರನ್ನು ಹೇಗೆ ನೋಡಿದ್ದಾವು ಎಂದು ಊಹಿಸುವುದು ಕಷ್ಟವಲ್ಲ. ಹತ್ತು ವರ್ಷ ಹಾಕಿದ ಕಾಸಿಗೆ ಫಲವೇನೆಂದು ಕೇಳುತ್ತಿದ್ದವರ ಮುಂದೆ ಫಲವೇ ಕಾಲಮೇಲೆ ನಿಂತಿತ್ತು! ಇಂಥ ನೋಟಕ್ಕೆ ಗುರಿಯಾಗುವುದು ಸುಲಭವಲ್ಲ. ಕೌಂಡಿನ್ಯರು ಅಲ್ಲಿಯೇ ನಿಂತು 1851ರವರೆಗೆ ಬಾಸೆಲಿನಲ್ಲಿ ಓದಿ, ದೀಕ್ಷೆ ಪಡೆದ ಗುರುವಾಗಿ ಮರಳಿದರು. ಮುಂದೆ 1860ರಲ್ಲಿ ಜರ್ಮನ್ ಕನ್ಯೆಯೊಬ್ಬರನ್ನು ಮದುವೆಯಾದರು. ಕೊಡಗಿನ ಸಿದ್ದಾಪುರದ ಬಳಿಯ ಆನಂದಪುರ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಮೋಗ್ಲಿಂಗರಾದರೋ ಬೇಗನೆ ಮಂಗಳೂರಿಗೆ ಬಂದರು. ಬಂದವರು ಹಿಡಿದದ್ದು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯ ಕೆಲಸವನ್ನು. ಇಲ್ಲಿ ನನ್ನ ಮೊದಲ ಪ್ರಶ್ನೆ ಮತ್ತೆ ಬರುತ್ತದೆ. ಅನ್ಯಧರ್ಮದವರನ್ನು ಬೆಳಕಿಗೆ ತರಲೆಂದು ಶ್ವಾಬಿಯಾದ ನೇಕಾರ ಕೊಟ್ಟ ಕಾಸಿನಿಂದ ಲಕ್ಷ್ಮೀಶನ ಕಾವ್ಯವನ್ನು, ಬಸವಣ್ಣನ ಪುರಾಣವನ್ನು, ಪುರಂದರದಾಸರ ಹಾಡನ್ನು ಅಚ್ಚು ಹಾಕಬಹುದೆ? ಧರ್ಮಸೂಕ್ಷ್ಮ ಇರುವುದು ಇಲ್ಲಿಯೇ. ಮೋಗ್ಲಿಂಗರ ಅದೃಷ್ಟ, ನಮ್ಮದೂ ಅದೃಷ್ಟ, ಈ ಕೆಲಸಕ್ಕೆ ಬೇರೊಬ್ಬ ದಾನಿ ದೊರೆತರು. ಮದರಾಸಿನ ಸಿವಿಲ್ ಸೇವೆಯಿಂದ ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ಕಾಸಾಮೇಜರ್ ಎಂಬ ಇಂಗ್ಲಿಷ್ ದೊರೆ ಮುದುಕುತನದಲ್ಲಿ ಕನ್ನಡ ಕಲಿತವರು. ಬಡಗರ ಮಕ್ಕಳಿಗೆ ಶಾಲೆ ತೆರೆದವರು. ಅವರ ಹತ್ತಿರವಿದ್ದ ಮಿಷನರಿ ಗಾಟ್‌ಫ್ರೀಡ್ ವೈಗ್ಲೆ ಮೋಗ್ಲಿಂಗರಿಗೆ ಬಂಧು. ಗ್ರಂಥಮಾಲೆಯ ವೆಚ್ಚವನ್ನು ಹೊತ್ತವರು ಕಾಸಾಮೇಜರರೇ. 1849ರಲ್ಲಿ ಅವರು ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. 1850ರಲ್ಲಿ ದಾಸರ ಪದಗಳು ಹೊರಬಂದವು. ಬಾಯಿಂದ ಬಾಯಿಗೆ ಬರುತ್ತಿದ್ದ ಹಾಡುಗಳು ಸಂಕಲನವಾಗಿ ಅಚ್ಚನ್ನು ಕಂಡುದು ಆಗಲೇ.

ಕಲ್ಲಚ್ಚಿನ ಕೆಲಸವೆಂದರೆ ಏನೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾದೀತು. ಮೊಳೆ ಜೋಡಿಸುವುದಿಲ್ಲ. ಸುಂದರಾಕ್ಷರದ ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಇಡೀ ಪುಟವನ್ನು ಕೈಯಿಂದಲೇ ಬರೆಯುತ್ತಾನೆ. ಅದು ಕಲ್ಲಿಗೆ ಇಳಿಯುತ್ತದೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಓಡಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಆದುದರಿಂದ ಆ ಪುಸ್ತಕಗಳನ್ನು ತೆರೆದರೆ ಓಲೆಗರಿಯ ಕೈಬರಹದ ಬಳಗವೇ ಕಾಣುತ್ತದೆ. ಆ ಲಿಪಿಕಾರರ ಕೂಲಿಯೂ ಲೆಕ್ಕದೊಳಗಿನದೇ.

ನಾನಿರುವುದು ಮಾಕಳಿದುರ್ಗದ ಬೆಟ್ಟದ ಅಡಿಯಲ್ಲಿ. ಘಾಟಿ ಸುಬ್ರಹ್ಮಣ್ಯ ಇಲ್ಲಿಗೆ ಹತ್ತಿರ. ನಮ್ಮ ಕಡೆ ಶ್ರಾವಣ ಶನಿವಾರಗಳಲ್ಲಿ ದಾಸಯ್ಯಗಳು ಶಂಖ ಊದಿ ಜಾಗಟೆ ಬಾರಿಸುತ್ತ ಮನೆಮನೆಯ ಮುಂದೆ ನಿಲ್ಲುವುದನ್ನು ನೋಡಿ ಬೆಳೆದವನು ನಾನು. ಭವನಾಸಿಗೆ ಅಕ್ಕಿ ಬೀಳುತ್ತದೆ, ಹಾಕಿದವಳು ಕೈಮುಗಿಯುತ್ತಾಳೆ. ಕೊಟ್ಟವಳೇ ಧನ್ಯಳು, ಪಡೆದವನಲ್ಲ. ಹರಿದಾಸರ ಮಧುಕರ ವೃತ್ತಿಯೂ ಇದೇ ಬಗೆಯದು: ದುಂಬಿ ಹೂವಿಗೆ ನೋವಾಗದಂತೆ ಮಧುವನ್ನು ಎತ್ತುವ ಹಾಗೆ ಮನೆಮನೆಯಿಂದ ಒಂದೊಂದು ಹಿಡಿ. ಈ ವೃತ್ತಿಯ ಹಾಡುಗಳನ್ನು ಬಲ್ಮಠದಲ್ಲಿ ಕುಳಿತು ಕೂಡಿಸುತ್ತಿದ್ದ ಮೋಗ್ಲಿಂಗರಿಗೆ ತಾವೂ ಗೋಪಾಳ ಹಿಡಿದವರೇ ಎಂಬುದು ಹೊಳೆಯದೆ ಇದ್ದೀತೆ? ವ್ಯತ್ಯಾಸವೊಂದಿದೆ. ದಾಸಯ್ಯ ತನಗೆ ಅಕ್ಕಿ ಕೊಡುವ ಮನೆಯ ಬಾಗಿಲಲ್ಲೇ ಹಾಡುತ್ತಾನೆ. ಮೋಗ್ಲಿಂಗರು ಕೊಡುವವರೊಂದು ಕಡೆ, ಕೇಳುವವರೊಂದು ಕಡೆ ಇರುವ ಯಾಚಕರು. ಅಲ್ಲಿಗೆ ಬರೆದದ್ದನ್ನು ಇಲ್ಲಿಯವರು ಓದಲಾರರು, ಇಲ್ಲಿ ಅಚ್ಚಿಸಿದ್ದನ್ನು ಅಲ್ಲಿಯವರು ಓದಲಾರರು. ಈ ನಡುವಣ ಮೌನದಲ್ಲಿ ಎಷ್ಟೋ ಜನ ಮಿಷನರಿಗಳು ನಮ್ಮವರನ್ನು ಅಲ್ಲಿ ಅಂಧಕಾರದ ಮುದ್ದೆಯಂತೆ ಚಿತ್ರಿಸಿ ಕಾಸು ತಂದರು. ಮೋಗ್ಲಿಂಗರೂ ಈ ದೋಷದಿಂದ ಪೂರ್ತಿ ಮುಕ್ತರಲ್ಲ. ನಮ್ಮ ದೇವರುಗಳು ಮಿಥ್ಯೆಯೆಂದೇ ಅವರ ನಂಬಿಕೆ. ಆದರೆ ಆ ಮಿಥ್ಯೆಯನ್ನು ಹಾಡಿದ ಮಾತು ಎಷ್ಟು ಚೆಲುವೆಂಬುದನ್ನು ಅವರು ಬಲ್ಲವರಾಗಿದ್ದರು.

1851-52ರಲ್ಲಿ ಮಿಷನ್ನಿನ ಮುಖ್ಯಾಧಿಕಾರಿ ಯೋಸೆನ್‌ಹಾನ್ಸ್ ಸ್ವತಃ ಇಂಡಿಯಾಕ್ಕೆ ಬಂದು ಎಲ್ಲ ಠಾಣೆಗಳನ್ನೂ ಪರೀಕ್ಷಿಸಿ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿದರು. ಬಡವರ ಕಾಸಿಗೆ ಉತ್ತರ ಹೇಳಬೇಕಾದವರು ಅವರು, ಅವರದೂ ತಪ್ಪೆನ್ನಲಾರೆ. ಆದರೆ ಮೋಗ್ಲಿಂಗರಂಥವರಿಗೆ ನಿಯಮದ ಅಂಗಿ ಬಿಗಿಯಾಯಿತು. ಅಷ್ಟರಲ್ಲಿ ಆಲ್ಮಂಡ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ತಮ್ಮ ನಾಡಿಗೆ ಬರಬೇಕೆಂದು ಕೇಳಿಕೊಂಡರು. ಆರೋಗ್ಯ ಕೆಟ್ಟಿದ್ದರೂ ಮೋಗ್ಲಿಂಗರು 1853ರಲ್ಲಿ ಕೊಡಗಿಗೆ ಹೊರಟೇಬಿಟ್ಟರು. ಅಲ್ಲಿಯ ಕೆಲಸದ ನಡುವೆ ಬರೆದ ಕೂರ್ಗ್ ಮೆಮೊಯರ್ಸ್ ಎಂಬ ಇಂಗ್ಲಿಷ್ ಪುಸ್ತಕ 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ರಚನೆಯೇ ಅವರ ಸ್ವಭಾವವನ್ನು ಹೇಳುತ್ತದೆ: ಒಂದು ಪಾಲು ಕೊಡಗಿನ ಜನ, ಅರಸರು, ಆಚಾರಗಳು, ಇನ್ನೊಂದು ಪಾಲು ಕೊಡಗಿನ ಮಿಷನ್. ಬೇಡಿಕೆಯ ಪತ್ರವನ್ನು ಬರೆಯಲು ಕುಳಿತರೂ ನಾಡಿನ ಚರಿತ್ರೆ ಲೇಖನಿಯಿಂದ ತಾನಾಗಿ ಇಳಿಯುತ್ತಿತ್ತು.

ವೈಗ್ಲೆಯವರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನರನ್ನು ಮೋಗ್ಲಿಂಗರು ಮುಂದೆ ಮದುವೆಯಾದರು. ಕನ್ನಡ ಗ್ರಂಥಮಾಲೆಯ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಸ್ವದೇಶಕ್ಕೆ ಮರಳಿದವರು ಮತ್ತೆ ಬರಲಾಗಲಿಲ್ಲ.

ಮರಳಿದ ಆ ವರ್ಷವೇ ಜರ್ಮನಿಯ ಪ್ರಾಚ್ಯವಿದ್ವಾಂಸರ ಸಂಘದ ಪತ್ರಿಕೆಯಲ್ಲಿ ಕನ್ನಡದ ಹಾಡುಗಾರರ ಪದಗಳು ಎಂಬ ಅರ್ಥದ ತಲೆಬರಹದಡಿ ದಾಸರ ಹಾಡುಗಳ ಜರ್ಮನ್ ಅನುವಾದವನ್ನು ಪ್ರಕಟಿಸಲು ಮೊದಲುಮಾಡಿದರು. ಇದಕ್ಕೆ ಪ್ರತಿಯಾಗಿ ಯಾರಿಂದಲೂ ಬಾಟ್ಸೆನ್ ಬರುವಂತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಕಾಣಿಕೆಯ ಚೀಲವನ್ನು ತುಂಬಿದ ನಾಡಿಗೆ ಅವರು ಕನ್ನಡನಾಡಿನಿಂದ ತಂದುಕೊಟ್ಟ ಕಾಣಿಕೆ ಅದು. ಪುರಂದರ ಕನಕರು ಶ್ವಾಬಿಯಾದ ಬಾಗಿಲಲ್ಲಿ ಯಾವ ಗುರುಮನೆಯ ಅಪ್ಪಣೆಯನ್ನೂ ಕೇಳದೆ ಹಾಡಿದರು. ಕೊಡಗಿನ ಮೇಲೆ ಇನ್ನೊಂದು ಪುಸ್ತಕ, ಈಗ ಜರ್ಮನ್ ಭಾಷೆಯಲ್ಲಿ, ವೈಟ್‌ಬ್ರೆಕ್ಟ್ ಎಂಬವರೊಡನೆ 1866ರಲ್ಲಿ ಬಂತು. ಗುಂಡರ್ಟರೊಡನೆ ಸೇರಿ ಹೆಬಿಕರ ಜೀವನಚರಿತ್ರೆಯನ್ನೂ ಬರೆದರು. ಅದು 1872ರಲ್ಲಿ ಪ್ರಕಟವಾಯಿತು.

1881ರ ಮೇ 10ರಂದು ಎಸ್ಲಿಂಗನ್ ಊರಿನಲ್ಲಿ ಮೋಗ್ಲಿಂಗರು ಕಣ್ಣುಮುಚ್ಚಿದರು. ಫರ್ಡಿನಾಂಡ್ ಕಿಟೆಲರು ಆಗ ಜರ್ಮನಿಯಲ್ಲಿದ್ದರು. ಎರಡು ವರ್ಷಗಳ ತರುವಾಯ ನಿಘಂಟಿನ ಕೆಲಸಕ್ಕಾಗಿ ಅವರು ಮತ್ತೆ ಕನ್ನಡನಾಡಿಗೆ ಹೊರಟರು. ಹಳ್ಳಿಗಳ ಸಂಗ್ರಾಹಕರು ಅಷ್ಟರಲ್ಲಿ ಹತ್ತು ಹತ್ತು ಮನೆಯ ತಮ್ಮ ವಾರದ ಸುತ್ತನ್ನು ಹಾಕುತ್ತಲೇ ಇದ್ದರು.