ಇ. ಕೋಲಿಯ ‘ಇ’ ಯಾರು?

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ಇ. ಕೋಲಿ ಬ್ಯಾಕ್ಟೀರಿಯಾ ಹೊಸತಲ್ಲ. ‘ಇ’ ಎಂದರೆ ಎಶರೀಶಿಯ ಎಂದು ಬಾಯಿಪಾಠ ಮಾಡಿ ಒಂದು ಅಂಕ ಗಿಟ್ಟಿಸಿ ಮುಂದೆ ಹೋಗುತ್ತೇವೆ. ಅದೊಬ್ಬ ಮಕ್ಕಳ ವೈದ್ಯರ ಹೆಸರು ಎಂಬುದು ನನಗೂ ತಡವಾಗಿಯೇ ಗೊತ್ತಾಯಿತು.

ಥಿಯೋಡೋರ್ ಎಶರಿಶ್ ಹುಟ್ಟಿದ್ದು 1857ರಲ್ಲಿ, ಜರ್ಮನಿಯ ಆನ್ಸ್‌ಬಾಖ್‌ನಲ್ಲಿ. ತಂದೆಯೂ ವೈದ್ಯರೇ. ತಾಯಿ ತೀರಿಕೊಂಡಾಗ ಹುಡುಗನಿಗೆ ಐದೇ ವರ್ಷ. ಇವನ ತುಂಟತನ ತಡೆಯಲಾರದೆ ಹನ್ನೆರಡನೇ ವಯಸ್ಸಿಗೆ ಪಾದ್ರಿಗಳ ವಸತಿಶಾಲೆಗೆ ಸೇರಿಸಿದರಂತೆ.

ಆಗ ಯುರೋಪಿನಲ್ಲಿ ಹಸುಗೂಸುಗಳು ಭೇದಿಯಿಂದ ಸಾಯುವುದು ಮಾಮೂಲು ಸಂಗತಿಯಾಗಿತ್ತು. ಮೊಲೆಹಾಲು ಸಿಗದೆ ಹಸುವಿನ ಹಾಲು ಕುಡಿದು ಬೆಳೆಯುವ ಕೂಸುಗಳೇ ಹೆಚ್ಚು ಸಾಯುತ್ತಿದ್ದವು. ಕಾರಣ ಹುಡುಕಲು ಮ್ಯೂನಿಕ್‌ನಲ್ಲಿದ್ದ ಯುವ ಎಶರಿಶ್ ಕೈಹಾಕಿದ್ದು ಕೂಸುಗಳ ಮಲಕ್ಕೆ! ಜೊತೆಯವರು ಮೂಗು ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಕರುಳಿಗೆ ಸೂಕ್ಷ್ಮಜೀವಿಗಳು ಬಂದು ಸೇರುವುದನ್ನೂ, ಕುಡಿಯುವ ಹಾಲು ಬದಲಾದರೆ ಅವೂ ಬದಲಾಗುವುದನ್ನೂ ಅವರು ಗುರುತಿಸಿದರು. ಇ. ಕೋಲಿಯನ್ನು 1885ರಲ್ಲಿ ವಿವರಿಸಿದ್ದು ಈ ಕೆಲಸದ ನಡುವೆಯೇ.

1890ರಲ್ಲಿ ಗ್ರಾತ್ಸ್ ನಗರದಲ್ಲಿ ಪ್ರಾಧ್ಯಾಪಕರಾದರು, 1902ರಲ್ಲಿ ವಿಯೆನ್ನಾದ ಸೇಂಟ್ ಅನ್ನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರು. ಇಷ್ಟು ದೊಡ್ಡ ವೈದ್ಯರ ಮನೆಯಲ್ಲೂ ಹತ್ತು ವರ್ಷದ ಮಗ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ.

ವಿಯೆನ್ನಾದಲ್ಲಿ ಅವರು ಪ್ರಯೋಗಾಲಯ ಬಿಟ್ಟು ಊರಿನೊಳಗೆ ಇಳಿದರು. 1903ರಲ್ಲಿ ಶಿಶು ರಕ್ಷಣಾ ಸಂಘ ಕಟ್ಟಿ, ತಾಯಂದಿರು ಎದೆಹಾಲನ್ನೇ ಕುಡಿಸಬೇಕೆಂದು ಪ್ರಚಾರ ಮಾಡಿದರು. ಆದರೆ ತಾಯಿ ಸತ್ತಿದ್ದರೆ, ಅವಳಿಗೆ ಹಾಲೇ ಬಾರದಿದ್ದರೆ? ಉಳ್ಳವರು ಸಂಬಳ ಕೊಟ್ಟು ಹಾಲೂಡಿಸುವ ದಾದಿಯನ್ನು ಇಟ್ಟುಕೊಳ್ಳುತ್ತಿದ್ದರು. ಆ ದಾದಿಯ ಸ್ವಂತ ಕೂಸು ಎಷ್ಟೋ ಸಲ ಬೇರೆಲ್ಲೋ ಹಸುವಿನ ಹಾಲಿನಲ್ಲೇ ದಿನ ನೂಕಬೇಕಿತ್ತು. ಒಂದು ಮಗುವಿನ ಬಾಯಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟಂತೆ. ದಾದಿಯಿಂದ ಮಗುವಿಗೆ, ಮಗುವಿನಿಂದ ದಾದಿಗೆ ಸಿಫಿಲಿಸ್ ಅಂಟುವ ಭಯ ಬೇರೆ.

1909ರಲ್ಲಿ ವಿಯೆನ್ನಾದಲ್ಲಿ ಎಶರಿಶ್ ಆರಂಭಿಸಿದ ಕೇಂದ್ರವನ್ನು ಜಗತ್ತಿನ ಮೊದಲ ಎದೆಹಾಲು ಬ್ಯಾಂಕ್ ಎನ್ನುತ್ತಾರೆ. ತನ್ನ ಮಗುವಿಗೆ ಕುಡಿಸಿ ಮಿಕ್ಕ ಹಾಲನ್ನಷ್ಟೇ ತಾಯಿ ಕೊಟ್ಟರೆ ಸಾಕು, ಯಾರ ಮನೆಗೂ ಹೋಗಿ ದುಡಿಯಬೇಕಿಲ್ಲ ಎಂಬುದೇ ಇಂಥ ಬ್ಯಾಂಕಿನ ತಿರುಳು. ಎರಡು ವರ್ಷಗಳಲ್ಲೇ, 1911ರಲ್ಲಿ, 53ನೇ ವಯಸ್ಸಿಗೆ ಎಶರಿಶ್ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಬ್ಯಾಕ್ಟೀರಿಯಾಕ್ಕೆ ಅವರ ಹೆಸರು ಬಂದಿದ್ದು ಎಂಟು ವರ್ಷಗಳ ನಂತರ, 1919ರಲ್ಲಿ. ಅದೇ ವರ್ಷ ಮರೀ ಎಲೀಸ್ ಕೈಸರ್ ಎಂಬ ವೈದ್ಯೆ ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಎದೆಹಾಲು ಸಂಗ್ರಹ ಕೇಂದ್ರ ತೆರೆದರು.

ನಮ್ಮ ದೇಶಕ್ಕೆ ಈ ಬ್ಯಾಂಕ್ ಬಂದದ್ದು 1989ರಲ್ಲಿ, ಮುಂಬೈನ ಸಯಾನ್ ಆಸ್ಪತ್ರೆಗೆ. ಈಗ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನಿ ತಾಯಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ತಣಿಸಿ, ಫ್ರೀಜರ್‌ನಲ್ಲಿಡುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಅದನ್ನು ಕೊಡುವ ಮೊದಲು ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅಲ್ಲಿ ಹುಡುಕುವ ಬ್ಯಾಕ್ಟೀರಿಯಾಗಳಲ್ಲಿ ಇ. ಕೋಲಿಯೂ ಒಂದು.