ತಡವಾಗಿ ಬೀಳುವ ಪೆಟ್ಟು: ಜೇ ಡಿಲ್ಲಾ ಕಥೆ

ಡ್ರಮ್ ಮಷೀನ್ ಹಿಡಿದ ಹೊಸಬರಿಗೆ ಮೊದಲು ಖುಷಿ ಕೊಡುವುದು ಅದರ ತಿದ್ದುವ ಗುಣ. ನೀವು ಪ್ಯಾಡನ್ನು ಚೂರು ತಡವಾಗಿ ತಟ್ಟಿದರೂ ಅದು ಆ ಪೆಟ್ಟನ್ನು ಎಳೆದು ತಂದು ಲೆಕ್ಕದ ಜಾಗದಲ್ಲಿ ಕೂರಿಸುತ್ತದೆ. ಇದಕ್ಕೆ ಕ್ವಾಂಟೈಸ್ ಎನ್ನುತ್ತಾರೆ. ಈ ಅಚ್ಚುಕಟ್ಟುತನ ಸಾಕೆನಿಸಿದ್ದು ಅಮೆರಿಕದ ಡೆಟ್ರಾಯಿಟ್‌ನ ಜೇಮ್ಸ್ ಯಾನ್ಸಿ ಎಂಬ ಹುಡುಗನಿಗೆ. ಮುಂದೆ ಜಗತ್ತು ಆತನನ್ನು ಜೇ ಡಿಲ್ಲಾ ಎಂದು ಕರೆಯಿತು.

ಹುಟ್ಟಿದ್ದು 1974ರ ಫೆಬ್ರುವರಿ 7ರಂದು. ಅಪ್ಪ ಜಾಝ್ ಬೇಸ್ ನುಡಿಸುತ್ತಿದ್ದರು, ಅಮ್ಮ ಮೊರೀನ್ ಆಪೆರಾ ಗಾಯನ ಕಲಿತವರು. ಅದೇ ಕಾನಂಟ್ ಗಾರ್ಡನ್ಸ್ ಬಡಾವಣೆಯಲ್ಲಿದ್ದ ಆ್ಯಂಪ್ ಫಿಡ್ಲರ್ ಎಂಬ ಕೀಬೋರ್ಡ್ ವಾದಕ ತಮ್ಮ ಮನೆಯಲ್ಲಿದ್ದ ಅಕಾಯ್ ಎಂಪಿಸಿಯನ್ನು ಹುಡುಗನ ಕೈಗೆ ಬಿಟ್ಟರು. ಹದಿನಾರು ರಬ್ಬರ್ ಪ್ಯಾಡ್‌ಗಳ ಪೆಟ್ಟಿಗೆ ಅದು. ಹಳೆಯ ರೆಕಾರ್ಡ್‌ಗಳಿಂದ ತುಣುಕು ಕತ್ತರಿಸಿ ಪ್ಯಾಡಿಗೊಂದು ಹಾಕಿಕೊಂಡು, ತಟ್ಟಿದ್ದನ್ನೆಲ್ಲ ನೆನಪಿಟ್ಟು ಮತ್ತೆ ಮತ್ತೆ ನುಡಿಸುತ್ತದೆ.

ಡಿಲ್ಲಾ ಕ್ವಾಂಟೈಸನ್ನು ಆರಿಸಿಬಿಟ್ಟು ಕೈಗೆ ಬಂದಂತೆ ತಟ್ಟಿದ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ಅರ್ಧ ಸತ್ಯ ಮಾತ್ರ. ಎಂಪಿಸಿಯಲ್ಲಿ ಒಂದೊಂದು ಸದ್ದನ್ನೂ ಬೇರೆಬೇರೆಯಾಗಿ ಕೂದಲೆಳೆಯಷ್ಟು ಮೊದಲಿಗೋ ತಡಕ್ಕೋ ಸರಿಸಬಹುದು. ಹೈ-ಹ್ಯಾಟ್ ನೇರವಾಗಿ ಸಾಗುತ್ತಿರುತ್ತದೆ, ಸ್ನೇರ್ ಕೊಂಚ ಬೇಗ ಬೀಳುತ್ತದೆ, ಕಿಕ್ ಸೋಮಾರಿಯಂತೆ ಕೊನೆಗೆ ಬರುತ್ತದೆ. ಕೇಳುವವರಿಗೆ ತಾಳ ಇನ್ನೇನು ಮುಗ್ಗರಿಸಿತು ಅನ್ನಿಸಬೇಕು, ಆದರೆ ಮುಗ್ಗರಿಸಕೂಡದು. ಇದು ಬೇಜವಾಬ್ದಾರಿಯಲ್ಲ, ಅಳತೆಯ ಕೆಲಸ. ಇಂದಿನ ಎಷ್ಟೋ ಗ್ರೂವ್‌ಬಾಕ್ಸ್‌ಗಳಲ್ಲಿ ಮೈಕ್ರೋಟೈಮಿಂಗ್ ಎಂಬ ಹೆಸರಿನಲ್ಲಿ ಇದೇ ಸೌಲಭ್ಯವಿದೆ. ಒಂದು ಸಾದಾ ಬೀಟ್ ಹಾಕಿ, ಬೇರೆ ಯಾವುದನ್ನೂ ಮುಟ್ಟದೆ ಸ್ನೇರನ್ನಷ್ಟೇ ಸ್ವಲ್ಪ ಬೇಗ ಬರುವಂತೆ ಸರಿಸಿ ನೋಡಿ, ನಡಿಗೆಯೇ ಬದಲಾಗುತ್ತದೆ.

1995ರ ಹೊತ್ತಿಗೆ ಫಾರ್‌ಸೈಡ್, ನಂತರ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡಗಳಿಗೆ ಆತ ಬೀಟ್ ಕಟ್ಟಿದ. ಟ್ರೈಬ್ ಜತೆಗಿನ ಕೆಲಸ ಹೊರಬಂದದ್ದು 'ದಿ ಉಮ್ಮಾ' ಎಂಬ ಗುಂಪಿನ ಹೆಸರಲ್ಲಿ. ಹಾಡು ಗೊತ್ತಿದ್ದವರಿಗೂ ಆಗ ಡಿಲ್ಲಾ ಗೊತ್ತಿರಲಿಲ್ಲ. ತಮಾಷೆಯೆಂದರೆ, ಮನುಷ್ಯರಂತೆ ನುಡಿಸಲು ಆತ ಮಷೀನಿಗೆ ಕಲಿಸಿದ. ಕ್ವೆಸ್ಟ್‌ಲವ್‌ರಂಥ ಡ್ರಮ್ಮರ್‌ಗಳು ಆ ಮಷೀನಿನಂತೆ ನುಡಿಸಲು ಹೆಣಗಿದರು. 2000ದಲ್ಲಿ ಬಂದ ಡಿ'ಆ್ಯಂಜೆಲೊ ಅವರ 'ವೂಡೂ' ಆಲ್ಬಮ್ ಕೇಳಿದರೆ ಅದು ತಿಳಿಯುತ್ತದೆ.

ಆಮೇಲೆ ಕಾಯಿಲೆ. ರಕ್ತಕ್ಕೆ ಸಂಬಂಧಿಸಿದ ಅಪರೂಪದ ರೋಗ, ಜತೆಗೆ ಲೂಪಸ್. 2005ರ ಕೊನೆಗೆ ಯುರೋಪಿನ ವೇದಿಕೆಗಳಿಗೆ ಗಾಲಿಕುರ್ಚಿಯಲ್ಲಿ ಬಂದ. ಲಾಸ್ ಏಂಜಲೀಸ್‌ನ ಆಸ್ಪತ್ರೆಯ ಹಾಸಿಗೆಗೂ ಪುಟ್ಟ ಸ್ಯಾಂಪ್ಲರ್ ಮತ್ತು ರೆಕಾರ್ಡ್ ಪ್ಲೇಯರ್ ತರಿಸಿಕೊಂಡಿದ್ದ. ಊದಿಕೊಂಡ ಬೆರಳುಗಳನ್ನು ತಾಯಿ ತಿಕ್ಕುತ್ತಿದ್ದರು, ಮಗ ಮತ್ತೆ ಪ್ಯಾಡಿಗೆ ಕೈ ಹಾಕುತ್ತಿದ್ದ.

'ಡೋನಟ್ಸ್' ಬಿಡುಗಡೆಯಾದದ್ದು 2006ರ ಫೆಬ್ರುವರಿ 7ರಂದು, ಆತನ 32ನೇ ಹುಟ್ಟುಹಬ್ಬದ ದಿನ. ಮೂರೇ ದಿನಕ್ಕೆ ಡಿಲ್ಲಾ ತೀರಿಕೊಂಡ. 31 ತುಣುಕುಗಳ ಆ ಆಲ್ಬಮ್‌ನಲ್ಲಿ ಮೊದಲನೆಯದರ ಹೆಸರು 'ಔಟ್ರೋ', ಕೊನೆಯದರದ್ದು 'ಇಂಟ್ರೋ'. ಡಿಲ್ಲಾ ಬಳಸುತ್ತಿದ್ದ ಎಂಪಿಸಿ 3000 ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಕೊಟ್ಟವರು ತಾಯಿ ಮೊರೀನ್.